ತಾಮ್ರದ ತಂತಿ ಒಡವೆಗೆ ಕೊನೆಗೆ ಏನು ಹಚ್ಚಬೇಕು?

ನೀವು ಕೇಳಿದ್ದು ಇದು: ಮನೆಯಲ್ಲೇ ತಾಮ್ರದ ತಂತಿ ಬಾಗಿಸಿ ಮಾಡಿದ ಓಲೆ, ಪೆಂಡೆಂಟ್‌ಗಳು ಬೇಗ ಕಪ್ಪಾಗುತ್ತಿವೆ, ನೋಡೋಕೂ ಅರೆಬರೆ ಅನ್ನಿಸುತ್ತಿವೆ, ಯಾವ ವಾರ್ನಿಷ್ ಹಚ್ಚಲಿ ಅಂತ. ವಾರ್ನಿಷ್ ವಿಷಯಕ್ಕೆ ಬರುತ್ತೇನೆ. ಆದರೆ ಅರೆಬರೆ ಅನ್ನಿಸೋದಕ್ಕೆ ಕಾರಣ ಅದಲ್ಲ. ತಂತಿಯ ತುದಿ ಮತ್ತು ಇಕ್ಕಳದ ಗುರುತು. ಇವೆರಡು ಸರಿಹೋಗದೆ ಮೇಲೆ ಏನು ಬಳಿದರೂ ಆ ಗೀರುಗಳು ಇನ್ನೂ ಎದ್ದು ಕಾಣುತ್ತವೆ.

ಕಟರ್ ಬಾಯನ್ನು ಹತ್ತಿರದಿಂದ ನೋಡಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಹಳ್ಳ. ಕತ್ತರಿಸುವಾಗ ಚಪ್ಪಟೆ ಬದಿ ಒಡವೆಯ ಕಡೆಗೇ ಇರಬೇಕು. ತಿರುಗುಮುರುಗಾದರೆ ತಂತಿಯ ತುದಿ ಚೂಪಾಗಿ ಉಳಿಯುತ್ತದೆ. ಆಮೇಲೆ ಸಣ್ಣ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ, 400 ಮತ್ತು 600 ನಂಬರಿನ ಮರಳು ಕಾಗದ ಆಡಿಸಿ. ತೆಳು ಬಟ್ಟೆಯ ಮೇಲೆ ಎಳೆದು ನೋಡಿ. ಒಂದು ನೂಲು ಸಿಕ್ಕಿಕೊಂಡರೂ ಕೆಲಸ ಮುಗಿದಿಲ್ಲ ಅಂತಲೇ ಅರ್ಥ. ಇಕ್ಕಳಕ್ಕೆ ಹಲ್ಲು ಇರಲೇಬಾರದು. ಇದ್ದರೆ ಬಾಯಿಗೆ ಟೇಪ್ ಸುತ್ತಿಕೊಳ್ಳಿ.

ಚೌಕಟ್ಟಿಗೆ 18 ಅಥವಾ 20 ಗೇಜ್, ಅಂದರೆ ಸುಮಾರು 1 ಅಥವಾ 0.8 ಮಿ.ಮೀ. ತಂತಿ ಸಾಕು. ಅದರ ಮೇಲೆ ಸುತ್ತೋದಕ್ಕೆ ಇನ್ನೂ ತೆಳುವಾದ 26 ಅಥವಾ 28 ಗೇಜ್. ಹಳೇ ಮೋಟಾರಿನಿಂದ ಬಿಚ್ಚಿದ ತಂತಿ ಬೇಡ. ಅದರ ಮೇಲೆ ಎನಾಮಲ್ ಪದರ ಇರುತ್ತದೆ, ಕಾಯಿಸಿದರೆ ಕೆಟ್ಟ ಹೊಗೆ ಬರುತ್ತದೆ.

ತಾಮ್ರ ಬಾಗಿಸಿದಷ್ಟೂ ಗಡುಸಾಗುತ್ತದೆ. ಮಾಡುವಾಗ ಇದು ಕಾಟ, ಮುಗಿಸುವಾಗ ಇದೇ ವರ. ನಡುವೆ ತೀರಾ ಬಿರುಸಾದರೆ ಮಂದ ಕೆಂಪು ಬರುವವರೆಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಹಾಗೆ ನೀರಿಗೆ ಬಿದ್ದು ಗಡುಸಾಗುವ ಲೋಹವಲ್ಲ ಇದು. ಕಾಯಿಸಿದಾಗ ಹತ್ತಿದ ಕಪ್ಪು ಪದರ ಬೆಚ್ಚಗಿನ ಸಿಟ್ರಿಕ್ ಆಸಿಡ್ ನೀರಿನಲ್ಲಿ ಬಿಡುತ್ತದೆ. ಆಕಾರ ಪೂರ್ತಿ ಬಂದ ಮೇಲೆ ಉಕ್ಕಿನ ದಿಮ್ಮಿಯ ಮೇಲಿಟ್ಟು ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಂತಿ ಚಪ್ಪಟೆಯಾಗೋದಿಲ್ಲ, ಆದರೆ ಬೆರಳಲ್ಲಿ ಒತ್ತಿ ಬಿಟ್ಟರೆ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಹಾಕಿಕೊಂಡ ದಿನವೇ ಆಕಾರ ಕೆಡುವ ಒಡವೆಗಳಿಗೆ ಈ ತಟ್ಟುವಿಕೆಯೇ ಆಗಿರೋದಿಲ್ಲ.

ಇನ್ನು ಕಪ್ಪು. ಅದನ್ನು ಪೂರ್ತಿ ಓಡಿಸಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಾನಂತೂ ಬೇಕಂತಲೇ ಕಪ್ಪು ಮಾಡುತ್ತೇನೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿಯಿರುವಾಗಲೇ ಹಿಸುಕಿ, ಮುಚ್ಚಳದ ಡಬ್ಬಿಯಲ್ಲಿ ಒಡವೆಯ ಪಕ್ಕ ಇಡಿ. ತಾಗಿಸಬೇಡಿ. ಅದರಿಂದ ಬರುವ ಗಂಧಕದ ಅನಿಲ ತಾಮ್ರವನ್ನು ಕಂದು ಮಾಡಿ, ಆಮೇಲೆ ಕಪ್ಪಾಗಿಸುತ್ತದೆ. ಆಗಾಗ ತೆರೆದು ನೋಡಿ, ಬೇಕಾದ ಬಣ್ಣ ಬಂದಾಗ ತೆಗೆದು ತೊಳೆದು ಒಣಗಿಸಿ. ಆಮೇಲೆ 0000 ನಂಬರಿನ, ಅಂದರೆ ತೀರಾ ನಯವಾದ ಸ್ಟೀಲ್ ಉಣ್ಣೆಯಿಂದ (ಸ್ಟೀಲ್ ವುಲ್) ಮೇಲ್ಮೇಲೆ ಹಗುರವಾಗಿ ಉಜ್ಜಿ. ಉಬ್ಬಿದ ಕಡೆ ಕೆಂಪು ಹೊಳಪು ಬರುತ್ತದೆ, ಸುತ್ತುಗಳ ಸಂದಿಯಲ್ಲಿ ಕಪ್ಪು ನಿಲ್ಲುತ್ತದೆ. ಒಂದೊಂದು ಸುತ್ತೂ ಬೇರೆಬೇರೆಯಾಗಿ ಎದ್ದು ಬರುವಾಗ ಎಷ್ಟು ಖುಷಿಯಾಗುತ್ತದೆ ಅಂದರೆ, ಸುಮ್ನೆ ಹೊಳೆಯುವ ತಾಮ್ರ ಅದರ ಮುಂದೆ ಸಪ್ಪೆ.

ಈಗ ನಿಮ್ಮ ವಾರ್ನಿಷ್. ಪೆಂಡೆಂಟ್‌ಗೆ ಅಕ್ರಿಲಿಕ್ ಸ್ಪ್ರೇ ಒಳ್ಳೆಯದು. ಮೊದಲು ಅಸಿಟೋನ್‌ನಿಂದ ಒರೆಸಿ, ಬರಿಗೈ ತಾಗಿಸದೆ, ತೆಳುವಾಗಿ ಎರಡು ಸಲ ಹೊಡೆಯಿರಿ. ಗಾಳಿಯಾಡುವ ಜಾಗದಲ್ಲಿ ಮಾಡಿ. ಉಂಗುರ, ಬಳೆಗೆ ಮಾತ್ರ ಬೇಡ. ಅವು ಸದಾ ತಿಕ್ಕಾಡುತ್ತವೆ, ಪದರ ಅಲ್ಲಲ್ಲಿ ಕಿತ್ತು ಹೋಗಿ ತೇಪೆ ತೇಪೆಯಾಗುತ್ತದೆ. ನೇಲ್ ಪಾಲಿಶ್ ಕಥೆಯೂ ಇದೇ. ಉಂಗುರ, ಬಳೆಗೆ ಮೈಕ್ರೋಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ಮಾಡುವ ಒಂದು ಬಗೆಯ ಮೇಣ) ಸವರಿ, ಮೆತ್ತನೆ ಬಟ್ಟೆಯಿಂದ ಉಜ್ಜಿ. ಮೇಣ ಜಾಸ್ತಿ ದಿನ ಬಾಳೋದಿಲ್ಲ ನಿಜ, ಆದರೆ ಮತ್ತೆ ಹಚ್ಚೋದು ಸುಲಭ ಅಲ್ವಾ? ಮೇಣ ಸವೆದ ಕಡೆ ಬೆವರು ತಾಗಿದರೆ ಚರ್ಮದ ಮೇಲೆ ಹಸಿರು ಗುರುತು ಬೀಳಬಹುದು. ಸೋಪು ಹಾಕಿ ತೊಳೆದರೆ ಹೋಗುತ್ತದೆ.

ಓಲೆಯ ಕೊಕ್ಕೆಯೊಂದನ್ನು ಮಾತ್ರ ತಾಮ್ರದಲ್ಲಿ ಮಾಡಬೇಡಿ. ಕಿವಿಯ ತೂತಿನೊಳಗೆ ಹೋಗುವ ಭಾಗ ಟೈಟಾನಿಯಂ ಅಥವಾ ನಯೋಬಿಯಂ ಲೋಹದ್ದಾಗಿರಲಿ. ಕೊಕ್ಕೆಯ ಬಣ್ಣ ಓಲೆಗೆ ಹೊಂದದಿದ್ದರೂ ಪರವಾಗಿಲ್ಲ, ಹಾಕಿಕೊಂಡವರ ಕಿವಿ ಕೆರಳಬಾರದು.