ಬಿಪಿಎಲ್ ಕಾರ್ಡ್ ನೋಟಿಸ್‌ಗೆ ‘ಮಗ ಬೇರೆ ಇದ್ದಾನೆ’ ಎಂದು ಬರೆದುಕೊಟ್ಟರೆ ಕ್ರಿಮಿನಲ್ ಕೇಸ್ ತಪ್ಪುತ್ತದೆಯೇ?

ಬರೆದುಕೊಡಬೇಡಿ. ಸರ್ಕಾರಿ ಕೆಲಸ ಸಿಕ್ಕಿ ಎರಡು ವರ್ಷ, ಕಾರ್ಡ್ ಅಮ್ಮನ ಹೆಸರಲ್ಲಿ, ಮನೆಯಲ್ಲಿ ಒಂದೇ ಒಲೆಯ ಊಟ, ಈಗ ಏಳು ದಿನದಲ್ಲಿ ಉತ್ತರ ಕೊಡಿ ಅಂತ ನೋಟಿಸ್ ಬಂದಿದೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಕೈ ತಣ್ಣಗಾಯಿತು. 2019ರಲ್ಲಿ ನಮ್ಮ ಮನೆಗೆ ಬಂದದ್ದೂ ಇಂಥದ್ದೇ ಕಾಗದ.

ನಾನು 2017ರಲ್ಲಿ ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಕೆಲಸಕ್ಕೆ ಸೇರಿದೆ. ಕಾರ್ಡ್‌ನಲ್ಲಿ ಅಪ್ಪ, ಅಮ್ಮ, ತಂಗಿ, ನಾನು, ನಾಲ್ಕು ಜನ. ಸರ್ಕಾರಿ ನೌಕರರಿರುವ ಮನೆಗೆ ಬಿಪಿಎಲ್ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅಮ್ಮ ತಿಂಗಳು ತಿಂಗಳು ಸೊಸೈಟಿಗೆ ಹೋಗಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುತ್ತಿದ್ದಳು. ಆಗ ತಲೆಗೆ 7 ಕೆ.ಜಿ. ತಂಗಿ ಮದುವೆಯ ಸಾಲ ತೀರಲಿ, ಆಮೇಲೆ ಕಾರ್ಡ್ ವಾಪಸ್ ಮಾಡಿದರಾಯಿತು ಅಂದುಕೊಂಡೆ. ಮೂವತ್ತು ತಿಂಗಳು ಹಾಗೇ ಕಳೆಯಿತು.

ಅದೂ ತಪ್ಪೇ. ಆದರೆ ಕೆ.ಜಿ.ಗೆ 35 ರೂಪಾಯಿಯಂತೆ ಲೆಕ್ಕ ಹಾಕಿದರೂ ನಾವು ಕಟ್ಟಬೇಕಿದ್ದದ್ದು 29,400 ರೂಪಾಯಿ. ಅದೇ ವಾರ ನೋಟಿಸ್ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ಕಾರ್ಡ್ ಒಪ್ಪಿಸಿ, ದುಡ್ಡು ಕಟ್ಟಿ, ರಸೀದಿ ಹಿಡಿದು ಮನೆಗೆ ಹೋದರು.

ನಾನು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯುವವನ ಮಾತು ಕೇಳಿದೆ. ‘ಮಗ ಎರಡು ವರ್ಷದಿಂದ ಬೇರೆ ಸಂಸಾರ ಅಂತ ಬರೆಯೋಣ, ಒಂದು ಬಾಡಿಗೆ ಕರಾರು ಲಗತ್ತಿಸೋಣ’ ಅಂದ. ಪರಿಚಯದವರೊಬ್ಬರನ್ನು ಮನೆ ಮಾಲೀಕರನ್ನಾಗಿ ಮಾಡಿ, ಕರಾರಿಗೆ 2017ರ ಜೂನ್ ತಾರೀಕು ಹಾಕಿಸಿದೆ. ಛಾಪಾ ಕಾಗದ ಕೊಂಡದ್ದು ಅವತ್ತು ಬೆಳಗ್ಗೆ. ಇ-ಸ್ಟಾಂಪ್ ಕಾಗದದ ಮೇಲುಗಡೆ ಅದನ್ನು ಕೊಂಡ ದಿನದ ಜೊತೆ ಗಂಟೆ, ನಿಮಿಷ ಕೂಡ ಅಚ್ಚಾಗಿರುತ್ತದೆ. ನಾನು ಗುಮಾಸ್ತ, ಇಂಥ ಕಾಗದಗಳ ನಡುವೆಯೇ ಬದುಕುವವನು. ಕರಾರಿನ ಒಕ್ಕಣೆಯನ್ನು ಎರಡೆರಡು ಸಲ ಓದಿದೆ, ತಲೆಬರಹದ ಕೆಳಗಿನ ಆ ಸಣ್ಣ ಸಾಲು ಓದಲಿಲ್ಲ. ಎರಡು ವರ್ಷ ಹಳೆಯ ಕರಾರು, ಅವತ್ತಿನ 11:42ರ ಕಾಗದ. ತಾಲ್ಲೂಕಿನಲ್ಲಿ ಪಡಿತರ ಕಾರ್ಡ್ ನೋಡಿಕೊಳ್ಳುವ ಆಹಾರ ಶಿರಸ್ತೇದಾರರು ಮೊದಲು ಬೆರಳಿಟ್ಟದ್ದೇ ಅಲ್ಲಿ.

ಅಲ್ಲಿಂದ ಮುಂದೆ ಅಕ್ಕಿಯ ಮಾತೇ ಬರಲಿಲ್ಲ. ವಂಚನೆಗೆ ಐಪಿಸಿ 420, ಖೋಟಾ ದಾಖಲೆ ಬಳಸಿದ್ದಕ್ಕೆ 471, ಜೊತೆಗೆ 1955ರ ಅಗತ್ಯ ವಸ್ತುಗಳ ಕಾಯ್ದೆ. (2024ರ ಜುಲೈನಿಂದ 420ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 318 ಬಂದಿದೆ. ಶಿಕ್ಷೆ ಈಗಲೂ ಏಳು ವರ್ಷದವರೆಗೆ.) ಕಾರ್ಡ್‌ನಲ್ಲಿ ಮನೆಯ ಯಜಮಾನಿ ಅಮ್ಮ, ಉತ್ತರಕ್ಕೆ ಹೆಬ್ಬೆಟ್ಟು ಒತ್ತಿದ್ದೂ ಅಮ್ಮ. ಹಾಗಾಗಿ ಎಫ್‌ಐಆರ್‌ನಲ್ಲಿ ಒಂದನೇ ಆರೋಪಿ ಅಮ್ಮ, ನಾನು ಎರಡನೆಯವನು. ಇಬ್ಬರೂ ನಿರೀಕ್ಷಣಾ ಜಾಮೀನಿಗೆ ಓಡಾಡಿದೆವು. ನಾನು ಅಮಾನತಾಗಿ ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂತೆ. ವಕೀಲರಿಗೆ ಕೊಟ್ಟದ್ದು ಅಕ್ಕಿ ದುಡ್ಡಿನ ಮೂರು ಪಟ್ಟು ದಾಟಿದೆ. ಇವತ್ತಿಗೂ ವಾಯಿದೆ ನಡೆಯುತ್ತಿದೆ.

ಹಾಗಾಗಿ ‘ಕೇಸ್ ತಪ್ಪಿಸಿಕೊಳ್ಳುವುದು ಹೇಗೆ’ ಅಂತ ಯೋಚಿಸುವುದನ್ನೇ ಬಿಡಿ. ನಿಜವಾಗಿ ಬೇರೆ ಮನೆ ಮಾಡಿದ್ದರೆ ಮಾತು ಬೇರೆ. ಆದರೆ ಒಂದೇ ಒಲೆಯ ಊಟ ಅಂತ ನೀವೇ ಬರೆದಿದ್ದೀರಿ. ನಾಳೆಯೇ ಹೋಗಿ ಕಾರ್ಡ್ ಒಪ್ಪಿಸಿ. ಕೆಲಸಕ್ಕೆ ಸೇರಿದ ತಾರೀಕು ಇದ್ದದ್ದು ಇದ್ದ ಹಾಗೆ ಬರೆಯಿರಿ, ಲೆಕ್ಕ ಕೇಳಿ, ಕಟ್ಟಿ, ಸ್ವೀಕೃತಿ ತೆಗೆದುಕೊಳ್ಳಿ. ಇನ್‌ಸ್ಪೆಕ್ಟರಿಗೆ ಏನಾದರೂ ಕೊಟ್ಟು ಮುಗಿಸೋಣ ಅನ್ನುವವರನ್ನು ಹತ್ತಿರ ಸೇರಿಸಬೇಡಿ, ಅದು ಇನ್ನೊಂದು ಅಪರಾಧ. ಬಿಪಿಎಲ್ ಹೋದರೆ ಅಮ್ಮನ ಗೃಹಲಕ್ಷ್ಮಿಯ 2,000 ರೂಪಾಯಿಯೂ ಹೋಗುತ್ತದೆ ಅನ್ನುವ ಭಯ ಬೇಡ. ಆ ಯೋಜನೆ ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ, ಅವರೋ ಅವರ ಗಂಡನೋ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಆಗಿರಬಾರದು ಅಷ್ಟೇ.

ಹಾಗಂತ ಇದನ್ನು ಓದಿ ಬಡವರು ಹೆದರಿ ಕಾರ್ಡ್ ಬಿಡುವುದು ಬೇಡ. ಜೀವನಕ್ಕೆ ಒಂದು ಹಳದಿ ಬೋರ್ಡ್ ಕಾರು ಓಡಿಸುವವರಿಗೆ ಆ ಕಾರಿನ ಕಾರಣಕ್ಕೆ ಕಾರ್ಡ್ ತಪ್ಪುವುದಿಲ್ಲ. ನೋಟಿಸ್ ಬಂದರೆ ಆರ್‌ಸಿ ಹಿಡಿದು ಹೋಗಿ ತೋರಿಸಿ.

ನೀವು ಇವತ್ತು ರಾತ್ರಿಯೇ ಅಮ್ಮನಿಗೆ ಒಂದು ಮಾತು ಹೇಳಿ, ಯಾರು ತಂದುಕೊಟ್ಟ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡ ಅಂತ. ಮಗನೇ ತಂದುಕೊಟ್ಟರೂ. ಇದರಲ್ಲಿ ಏನು ಬರೆದಿದೆಯಪ್ಪಾ ಅಂತ ನಮ್ಮಮ್ಮ ಕೇಳಿದ್ದಳು. ನಾನು ಓದಿ ಹೇಳಲಿಲ್ಲ.