ಸಾಲ ಸೆಟ್ಲ್ ಆಗಿದೆ, ಸಿಬಿಲ್ ಮಾತ್ರ ಏಳ್ತಿಲ್ಲ

ಪ್ರಶ್ನೆ: ಬೈತಖೋಲದಲ್ಲಿ ನನ್ನದೊಂದು ಬೋಟ್ ಇತ್ತು. ಎರಡು ವರ್ಷ ಮೀನು ಸರಿಯಾಗಿ ಸಿಗಲಿಲ್ಲ. ಎಂಜಿನ್ ರಿಪೇರಿಗೆ ತೆಗೆದ ಪರ್ಸನಲ್ ಲೋನ್ ಕಟ್ಟಲಾಗದೆ ಬೋಟ್ ಮಾರಿದೆ. 3.80 ಲಕ್ಷ ಬಾಕಿಗೆ 2.40 ಲಕ್ಷ ಕಟ್ಟಿ ಸೆಟ್ಲ್ ಮಾಡಿಕೊಂಡು ಎರಡು ವರ್ಷವಾಯ್ತು. ಆಮೇಲೆ ಊರಿನ ಸೊಸೈಟಿ ಸಾಲದ ಒಂದು ಕಂತೂ ತಪ್ಪಿಸಿಲ್ಲ. ಆದರೂ ಮೀನು ಸಾಗಿಸಲು ಗೂಡ್ಸ್ ರಿಕ್ಷಾ ತೆಗೆಯೋಣ ಅಂತ ಹೋದರೆ, ಸಿಬಿಲ್ (ಸಾಲ ಹೇಗೆ ಕಟ್ಟಿದ್ದೇವೆ ಎಂಬುದಕ್ಕೆ ಕೊಡುವ ಸ್ಕೋರು) 590 ಇದೆ ಎಂದು ವಾಪಸ್ ಕಳಿಸಿದರು. ಮೂರು ಕಡೆ ಹೀಗೇ ಆಯ್ತು. ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿದರೆ ಎಲ್ಲ ಅಳಿಸಿಹೋಗುತ್ತದಂತೆ, ನಿಜವೇ?
– ಹೆಸರು ಬೇಡ, ಕಾರವಾರ

ಉತ್ತರ: ದಿವಾಳಿ ಮಾತು ಮೊದಲು ಮುಗಿಸಿಬಿಡೋಣ. ವ್ಯಕ್ತಿಗಳ ದಿವಾಳಿಗೆ ನಮ್ಮಲ್ಲಿ ಈಗಲೂ ಇರುವುದು 1920ರ ಕಾಯ್ದೆ. ಅದರ ಪ್ರಕಾರ 500 ರೂಪಾಯಿ ಸಾಲ ಇದ್ದವರೂ ಅರ್ಜಿ ಹಾಕಬಹುದು! ಅಷ್ಟು ಹಳೆಯದು. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಭಾಗ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಗಿದೆ. ಅರ್ಜಿ ಹಾಕಿದರೆ ಸಿಬಿಲ್ ಚೊಕ್ಕಟ ಆಗುವುದಿಲ್ಲ. ವಕೀಲರ ಫೀಸು ಉಳಿಸಿಕೊಳ್ಳಿ.

ನಿಮ್ಮ ತೊಡಕು ಬೇರೆ ಇದೆ. ಸೆಟ್ಲ್ ಅಂದರೆ ನಿಮಗೆ ಸಾಲ ತೀರಿತು. ಬ್ಯಾಂಕಿನ ಕಣ್ಣಿಗೆ 1.40 ಲಕ್ಷ ಮುಳುಗಿತು. ಸಿಬಿಲ್ ರಿಪೋರ್ಟಿನಲ್ಲಿ ಆ ಸಾಲದ ಎದುರು ‘ಕ್ಲೋಸ್ಡ್’ ಇರುವುದಿಲ್ಲ, ‘ಸೆಟಲ್ಡ್’ ಅಂತ ಇರುತ್ತದೆ. ಅದರ ಕೆಳಗೆ ತಿಂಗಳಿಗೊಂದರಂತೆ ಸಣ್ಣ ಚೌಕಗಳು, 36 ತಿಂಗಳದ್ದು. 000 ಇದ್ದರೆ ಆ ತಿಂಗಳು ಬಾಕಿ ಇಲ್ಲ. 030 ಅಂದರೆ ಕಂತು 30 ದಿನ ತಡ. 90 ದಾಟಿತೆಂದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬ್ಯಾಂಕಿನಲ್ಲಿ ಸಾಲದ ಫೈಲು ನೋಡುತ್ತಿದ್ದಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಈ ಚೌಕಗಳಿಗೇ. ಸ್ಕೋರು ಆಮೇಲೆ.

ಹಾಗಾಗಿ ಮೊದಲು ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ – ಸಾಲದ ಲೆಕ್ಕ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಇಳಿಯುವುದು ಸಾಲಕ್ಕೆ ಅರ್ಜಿ ಹಾಕಿದಾಗ. ನೀವು ಮೂರು ಕಡೆ ಅಲೆದಿರಲ್ಲ, ಅದೂ ಅಲ್ಲಿ ಬರೆದುಕೊಂಡಿರುತ್ತದೆ. ಆರು ತಿಂಗಳು ಸುಮ್ನಿರಿ. ಸೆಟ್ಲ್ ಮಾಡಿದ ಮೇಲೂ ಬಾಕಿ ತೋರಿಸುತ್ತಿದ್ದರೆ, ಬ್ಯಾಂಕಿನ ಪತ್ರ ಇಟ್ಟು ಆ ಕಂಪನಿಗೆ ತಕರಾರು ಹಾಕಿ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಕೈಯಲ್ಲಿ ದುಡ್ಡಾದಾಗ, ಬಿಟ್ಟ 1.40 ಲಕ್ಷವನ್ನು ಕಟ್ಟುತ್ತೇನೆ, ಕ್ಲೋಸ್ಡ್ ಎಂದು ಬದಲಿಸಿ ಅಂತ ಬ್ಯಾಂಕನ್ನು ಕೇಳಬಹುದು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಬದಲಿಸುತ್ತೇವೆ ಎಂದು ಬರೆದುಕೊಡುವ ತನಕ ಒಂದು ರೂಪಾಯಿಯೂ ಕಟ್ಟಬೇಡಿ. ಕಟ್ಟಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ತಗೊಳ್ಳಿ. ಹಳೆಯ ತಡದ ಚೌಕಗಳು ಆಗಲೂ ಹಾಗೇ ಇರುತ್ತವೆ. ಅವನ್ನು ಅಳಿಸಿಕೊಡ್ತೇವೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ ಮಾರಾಯ್ರೆ.

ಇನ್ನು ಸೊಸೈಟಿ ವಿಚಾರ. ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಹಳ್ಳಿಯ ವ್ಯವಸಾಯ ಸೇವಾ ಸಹಕಾರಿ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ. ಅಲ್ಲಿ ಕಟ್ಟಿದ ಕಂತು ಬಹುತೇಕ ಸಿಬಿಲ್‌ಗೆ ಹೋಗುವುದೇ ಇಲ್ಲ. ಎರಡು ವರ್ಷ ನಿಯತ್ತಾಗಿ ಕಟ್ಟಿದ್ದೀರಿ, ಸೆಕ್ರೆಟರಿಗೆ ಗೊತ್ತು, ಊರಿಗೆ ಗೊತ್ತು. ರಿಕ್ಷಾ ಸಾಲ ಕೊಡುವವನಿಗೆ ಗೊತ್ತಿಲ್ಲ! ಸಂಘ ಬಿಡಿ ಎನ್ನುತ್ತಿಲ್ಲ. ಸಿಬಿಲ್‌ಗೆ ಕಾಣುವ ಕಡೆಯೂ ಒಂದು ಸಣ್ಣ ಸಾಲ ಇರಲಿ.

ಅದಕ್ಕೆ ಸುಲಭದ ದಾರಿ ಎಫ್‌ಡಿ ಮೇಲಿನ ಕ್ರೆಡಿಟ್ ಕಾರ್ಡ್. 25,000 ರೂಪಾಯಿ ಎಫ್‌ಡಿ ಇಟ್ಟರೆ ಸುಮಾರು 20,000 ಮಿತಿ ಸಿಗುತ್ತದೆ, ಹಳೆಯ ಸ್ಕೋರನ್ನು ಹೆಚ್ಚಾಗಿ ಕೇಳುವುದಿಲ್ಲ. ಕರೆಂಟ್ ಬಿಲ್ಲು, ದಿನಸಿ ಎಂದು ತಿಂಗಳಿಗೆ ಐದಾರು ಸಾವಿರದೊಳಗೆ ಬಳಸಿ. ಮಿತಿಯ ಶೇ 30 ದಾಟದಿರಲಿ. ಬಿಲ್ ಪೂರ್ತಿ ಕಟ್ಟಿ. ‘ಮಿನಿಮಮ್’ ಕಟ್ಟಿ ಕೂತರೆ ತಿಂಗಳಿಗೆ ಶೇ 3ರ ಆಸುಪಾಸು ಬಡ್ಡಿ ಬೀಳುತ್ತದೆ.

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ, ನಿಮ್ಮ ಕೈಯೂ ಖಾಲಿ. ಹಳೆಯ ರಿಪೋರ್ಟಿನಲ್ಲಿ 030, 060 ಶುರುವಾದದ್ದು ಯಾವ ತಿಂಗಳು ನೋಡಿ, ಮಳೆಗಾಲದಲ್ಲೇ ಇರಬಹುದು. ಮೇ ತಿಂಗಳಲ್ಲೇ ಎರಡು ತಿಂಗಳ ಹಣ ಖಾತೆಗೆ ಹಾಕಿ ಆಟೋ ಡೆಬಿಟ್ ಇಟ್ಟುಬಿಡಿ. ಹೀಗೆ ಒಂದು ವರ್ಷ 000 ಸಾಲಾಗಿ ಬಿದ್ದರೆ ರಿಕ್ಷಾ ಸಾಲದ ಮಾತು ಮತ್ತೆ ಎತ್ತಬಹುದು. ಸಲೀಸಾಗಿ ಸಾಲ ಸಿಗುವ 750ರ ಸ್ಕೋರಿಗೆ ಇನ್ನೂ ಸಮಯ ಹಿಡಿಯುತ್ತದೆ. ಆಗ ಕೈಯಿಂದ ಮೂರನೇ ಒಂದು ಭಾಗ ಹಾಕುತ್ತೇನೆಂದರೆ ಕೊಡುವವರ ಮುಖವೂ ಸ್ವಲ್ಪ ಸಡಿಲವಾಗುತ್ತದೆ.

ಪ್ರಶ್ನೆ: ಭಾವನ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಟ್ಟಿಲ್ಲ. ನನ್ನ ಸಿಬಿಲ್ ಯಾಕೆ ಬೀಳಬೇಕು?
– ಅಡಿಕೆ ಬೆಳೆಗಾರ, ಶಿರಸಿ

ಉತ್ತರ: ಜಾಮೀನು ಅಂದರೆ ಬರೀ ಸಾಕ್ಷಿ ಸಹಿ ಅಲ್ಲ. ಆ ಸಾಲ ನಿಮ್ಮ ರಿಪೋರ್ಟಿನಲ್ಲೂ ಇರುತ್ತದೆ. ಬ್ಯಾಂಕು ಭಾವನನ್ನು ಬಿಟ್ಟು ನೇರ ನಿಮ್ಮ ಮನೆಗೇ ಬರಬಹುದು. ಬಾಕಿ ಎಷ್ಟೆಂದು ಈಗಲೇ ಬರಹದಲ್ಲಿ ಕೇಳಿ. ಪೂರ್ತಿ ನೀವೇ ತೀರಿಸಿದರೆ, ಭಾವನಿಂದ ವಸೂಲು ಮಾಡಲು ಬ್ಯಾಂಕಿಗಿದ್ದ ಹಕ್ಕು ನಿಮಗೆ ಬರುತ್ತದೆ. 1872ರ ಕರಾರು ಕಾಯ್ದೆಯ 140ನೇ ಸೆಕ್ಷನ್ ಅದಕ್ಕೇ ಇದೆ. ಅಕ್ಕ ಬೇಜಾರು ಮಾಡಿಕೊಂಡರೂ ರಸೀದಿ ಮಾತ್ರ ನಿಮ್ಮ ಹೆಸರಿಗೇ ಮಾಡಿಸಿ.