ಬಣ್ಣ ಯಾಕೆ ಕೆಸರಾಗುತ್ತದೆ?

ಪ್ರಶ್ನೆ: ಎಣ್ಣೆಬಣ್ಣದಲ್ಲಿ ನಮ್ಮೂರ ಕೆರೆ ಬಿಡಿಸುತ್ತಿದ್ದೇನೆ. ಬಣ್ಣವನ್ನು ತೀಡಿ ಸಮ ಮಾಡದೆ ಬಿಡಿಬಿಡಿಯಾಗಿ ಪಕ್ಕಪಕ್ಕ ಇಡುವ ಬ್ರೋಕನ್ ಕಲರ್ ರೀತಿ ಪ್ರಯತ್ನಿಸಿದೆ. ಅರ್ಧ ಚಿತ್ರ ಕೆಸರಾಯಿತು. ಉಳಿದರ್ಧದಲ್ಲಿ ಚುಕ್ಕಿಗಳು ಎದ್ದು ಕಣ್ಣಿಗೆ ಹೊಡೆಯುತ್ತವೆ. ಎಲ್ಲಿ ತಪ್ಪಿದೆ?

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು. ಕೆಸರಾಗಿದ್ದು ಕೈಯಿಂದ, ಕಣ್ಣಿಗೆ ಹೊಡೆಯುತ್ತಿರುವುದು ಟೋನ್‌ನಿಂದ.

ಮೊದಲು ಕೈ. ಹಸಿ ಬಣ್ಣದ ಮೇಲೆ ಬ್ರಷ್ ಎರಡನೇ ಸಲ ಆಡಿದರೆ ಕೆಳಗಿನದು ಎದ್ದು ಬಂದು ಕಲಸಿಕೊಳ್ಳುತ್ತದೆ. ಹಂದಿಕೂದಲಿನ ಚಪ್ಪಟೆ ಬ್ರಷ್ ತೆಗೆದುಕೊಳ್ಳಿ, ಬಣ್ಣ ಜಾಸ್ತಿಯೇ ತುಂಬಿಕೊಳ್ಳಿ, ಇಡಿ, ಎತ್ತಿಬಿಡಿ. ಸರಿಯಾಗಿಲ್ಲ ಅನ್ನಿಸಿದರೆ ತಿದ್ದಬೇಡಿ, ಕೆರೆದು ತೆಗೆದು ಹೊಸದಾಗಿ ಇಡಿ. ಪ್ರತಿ ಸಲ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ. ಮೇಲಿನ ಪದರಕ್ಕೆ ಕೆಳಗಿನದು ಒಣಗುವವರೆಗೆ ಕಾಯಲೇಬೇಕು. ಒಣಗಿದ ಉಬ್ಬುತಗ್ಗಿನ ಮೇಲೆ ಗಟ್ಟಿ ಬಣ್ಣವನ್ನು ಬ್ರಷ್ ಅಡ್ಡ ಹಿಡಿದು ಹಗುರವಾಗಿ ಎಳೆದರೆ ಅದು ಉಬ್ಬಿಗೆ ಮಾತ್ರ ಅಂಟಿ, ಸಂದಿನಲ್ಲಿ ಹಳೆಯ ಬಣ್ಣ ಇಣುಕುತ್ತದೆ. ನೀರಿನ ಮೇಲಿನ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಫ್ರಾನ್ಸಿನ ಚಿತ್ರಕಾರ ಮೋನೆ ರೂವಾನ್ ಊರಿನ ಚರ್ಚಿನ ಚಿತ್ರಗಳನ್ನು 1892 ಮತ್ತು 1893ರಲ್ಲಿ ಅಲ್ಲಿಯೇ ಕೂತು ಬಿಡಿಸಿ, ಆಮೇಲೆ ಜಿವರ್ನಿಯ ಮನೆಯಲ್ಲಿ ತಿಂಗಳುಗಟ್ಟಲೆ ತಿದ್ದಿದ. ನೋಡಿದರೆ ಒಂದೇ ಬೆಳಗಿನ ಕೆಲಸ ಅನ್ನಿಸುತ್ತದೆ, ಅಲ್ವಾ?

ಇನ್ನು ಟೋನ್, ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ದಟ್ಟ ಅನ್ನುವುದು. ಎಲ್ಲರೂ ಎಡವುವುದು ಇಲ್ಲೇ. ಪಕ್ಕಪಕ್ಕದ ಬಣ್ಣಗಳು ಬೇರೆ ಇರಲಿ, ತಿಳಿ-ದಟ್ಟ ಮಾತ್ರ ಹತ್ತಿರ ಇರಬೇಕು. ಮೋನೆ 1872ರಲ್ಲಿ ಲ ಹಾವ್ರ್ ಬಂದರಿನ ಸೂರ್ಯೋದಯ ಬಿಡಿಸಿದನಲ್ಲ, ಅದರ ಕಿತ್ತಳೆ ಸೂರ್ಯ ಉರಿಯುವ ಹಾಗೆ ಕಾಣುತ್ತದೆ. ಅದೇ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ, ಸೂರ್ಯ ಹೆಚ್ಚುಕಡಿಮೆ ಆಕಾಶದಲ್ಲೇ ಕರಗಿಹೋಗುತ್ತಾನೆ. ನಿಮ್ಮ ಕೆರೆಯನ್ನೂ ಮೊಬೈಲಿನಲ್ಲಿ ಹಾಗೇ ನೋಡಿ. ಎದ್ದು ಕಾಣುವ ಚುಕ್ಕಿಗಳೇ ನಿಮ್ಮನ್ನು ಕಾಡುತ್ತಿರುವವು.

ಇನ್ನೊಂದು ಮಾತು. ನೀಲಿ, ಹಳದಿ ಪಕ್ಕಪಕ್ಕ ಇಟ್ಟರೆ ದೂರದಿಂದ ಹಸಿರು ಕಾಣುತ್ತದೆ ಅಂತ ಸುಮಾರು ಜನ ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ದೂರದಿಂದ ಕಣ್ಣಿಗೆ ಸಿಗುವುದು ಬೂದಿಗೆ ಹತ್ತಿರದ ಮಂಕು ಬಣ್ಣ. ಹಸಿರು ಬೇಕಾದರೆ ಪ್ಯಾಲೆಟ್ಟಿನಲ್ಲೇ ಹಸಿರು ಕಲಸಿ, ಒಂದಕ್ಕೆ ಸ್ವಲ್ಪ ಹಳದಿ, ಇನ್ನೊಂದಕ್ಕೆ ಸ್ವಲ್ಪ ನೀಲಿ ಸೇರಿಸಿ ಅಕ್ಕಪಕ್ಕ ಇಡಿ. ಬಣ್ಣ ತನ್ನ ಪಕ್ಕದ್ದನ್ನು ಹೇಗೆ ಬದಲಿಸುತ್ತದೆ ಅಂತ 1839ರಲ್ಲೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ ಬರೆದಿದ್ದ. ಆತ ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲು ಮಂಕಾಗಿ ಕಾಣುತ್ತದೆ ಅಂತ ದೂರು ಬಂದಾಗ ಹುಡುಕಿದರೆ, ತಪ್ಪು ಆ ಕಪ್ಪಿನದಲ್ಲ, ಪಕ್ಕದಲ್ಲಿದ್ದ ಬಣ್ಣದ್ದು.

ಈ ಚಿತ್ರವನ್ನು ಎಸೆಯಬೇಡಿ. ಒಣಗಲಿ. ಆ ಕೆಸರು ಬೂದಿಯೇ ತಳದ ಬಣ್ಣವಾಗಲಿ, ಅದರ ಮೇಲೆ ಕೆರೆಯ ನೆರಳಿರುವ ಮೂಲೆಯಿಂದ ಶುರು ಮಾಡಿ. ಅಲ್ಲಿಗೆ ಎರಡೇ ಬಣ್ಣ ಸಾಕು.